ಬೀಸುವ ಕಲ್ಲಿನಡಿಯ ಶುಭಾಶಯ

ನಮ್ಮ ಕಾಕಾ ನಿಮ್ಮ ಹೆಸರಿನಲ್ಲಿ ಒಂದು ಶುಭಾಶಯ ಪತ್ರ ಮಾಡುತ್ತಿದ್ದಾನೆ ಎಂದು ಗೊತ್ತಾಗಿದ್ದರೆ ನೀವು ಸಂತೋಷಪಡುವ ಮೊದಲು ಗಾಬರಿಯಾಗುತ್ತಿದ್ದಿರಿ! ಇನ್ನೂ ನಿಶ್ಚಯವಾಗದ ಮದುವೆಗೆ, ಹುಟ್ಟದ ಕೂಸಿಗೆ, ಬಾಗಿಲು ಕೂರಿಸದ ಮನೆಗೆ ಅವನ ಅಭಿನಂದನೆ ಆಗಲೇ ತಯಾರು. ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟುತ್ತಾರಂತೆ ಎಂಬ ಸುದ್ದಿ ಕೇಳಿದ ಕೂಡಲೇ ಅದಕ್ಕೂ ಒಂದು ಶುರುಮಾಡಿ, ಅಳತೆ ಸಿಗಲಿಲ್ಲವೆಂದು ಕೈಬಿಟ್ಟ.

ಅಳತೆ ಯಾಕೆ ಅನ್ನುತ್ತೀರಾ? ಕಾಕಾ ಗೋಕಾಕದ ಬಜಾರದಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಅಚ್ಚು ಹಾಕಿಸಿ ಮಾರುವ ಶುಭಾಶಯ ಪತ್ರ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ತಯಾರ್ ಅಂಗಿ ಎಲ್ಲಾರ ಮೈಗೂ ಕೂಡತೈತೇನ? ಶುಭಾಶಯಕ್ಕೂ ಅಳತಿ ಬೇಕಪಾ!"

ಹೀಗಾಗಿ ಎತ್ತರದವರಿಗೆ ಉದ್ದನೆಯ ಪತ್ರ, ಗಿಡ್ಡರಿಗೆ ಗಿಡ್ಡ ಪತ್ರ. ಮೂಡಲಗಿಯ ಒಬ್ಬ ಸಾಹುಕಾರರ ಹೊಸ ಮನೆಗೆಂದು, ಅವರ ಹೊಟ್ಟೆಗೆ ತಕ್ಕಂತೆ ಮಾಡಿದ್ದು ಟಪಾಲು ಡಬ್ಬಿಯ ಬಾಯಿಗೆ ಹಿಡಿಸಲಿಲ್ಲ. ಕಾಕಾ ಅದನ್ನು ಬಗಲಲ್ಲಿ ಹಿಡಿದು ತಾನೇ ಬಸ್ಸು ಹತ್ತಿದ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದನಂತೆ!

ಬಣ್ಣ ಬಳಿಯುವ ಪದ್ಧತಿ ಅವನಲ್ಲಿರಲಿಲ್ಲ. ಅಂಗಡಿಯ ತುಂಡು ಬಟ್ಟೆ ಕತ್ತರಿಸಿ ಗಿಳಿ, ನವಿಲು ಮಾಡಿ ರಟ್ಟಿಗೆ ಅಂಟಿಸಬೇಕು. ಅಂಚಿಗೆ ಜರಿ, ಕಣ್ಣಿಗೆ ಗುಂಡಿ. ಸಾಹುಕಾರರ ಪತ್ರದ ಮೇಲೂ ಹಸಿರು ರೇಷ್ಮೆಯ ನವಿಲೊಂದು ಗರಿ ಬಿಚ್ಚಿತ್ತು. ಅವರು ಮೆಚ್ಚಿ ಹೆಂಡತಿಯನ್ನು ಕರೆದರು. ಆ ತಾಯಿ ನವಿಲನ್ನು ನೋಡಿದಳು, ಮುಟ್ಟಿದಳು, ಆಮೇಲೆ ತನ್ನ ತೋಳು ನೋಡಿಕೊಂಡಳು.

"ಅಯ್ಯ, ಇದು ನನ್ನ ಕುಬಸದ ಅರಿವಿ! ತೋಳು ಯಾಕ ಇಷ್ಟು ಬಿಗಿ ಆಗ್ಯಾವು ಅನ್ನೂದು ಈಗ ತಿಳೀತು ನೋಡ್ರಿ!"

"ಅಕ್ಕಾರ, ಕುಬಸದಾಗ ಇದ್ದರ ನೀವೊಬ್ಬರ ನೋಡತಿದ್ರಿ. ಗ್ವಾಡಿ ಮ್ಯಾಲೆ ಇದ್ದರ ಊರೆಲ್ಲಾ ನೋಡತೈತಿ," ಅಂದನಂತೆ ಕಾಕಾ. ಹೇಗಿದೆ ಸಮಾಧಾನ!

ಹುಕ್ಕೇರಿಗೆ ಕೊಟ್ಟ ಅವನ ತಂಗಿ ಬಸುರಿದ್ದಾಗ, ಬಿಳಿ ಟೊಪ್ಪಿಗೆ ಹಾಕಿದ ಗಂಡು ಕೂಸಿನ ಪತ್ರ ಮೊದಲೇ ಸಿದ್ಧವಾಯಿತು. ಹುಟ್ಟಿದ್ದು ಹೆಣ್ಣು. ಹೊಸದನ್ನು ಮಾಡುವುದುಂಟೇ? ಕರಿ ದಾರದಿಂದ ಎರಡು ಜಡೆ ಹೆಣೆದು ಟೊಪ್ಪಿಗೆಯ ಎರಡೂ ಬದಿಗೆ ಹೊಲಿದ.

"ಅಣ್ಣಾ, ಇದು ಹುಡುಗನೋ ಹುಡುಗಿಯೋ?" ಎಂದಳು ತಂಗಿ.

"ಹುಡುಗಿನ ಅದಾಳವ್ವಾ. ಟೊಪಗಿ ಬಿಸಲಿಗೆ!"

ಇಷ್ಟು ಅವಸರ ಯಾಕೆ? ಎಲ್ಲಾ ಖಳಿಯ ದೆಸೆಯಿಂದ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಕುದಿಸಿ ಕಾಕಾ ತಾನೇ ತಯಾರಿಸುತ್ತಿದ್ದ ಅಂಟಿಗೆ ಖಳಿ ಅನ್ನುವುದು. ಅದು ಒಣಗಲು ದಿನಗಟ್ಟಲೆ ಬೇಕು, ಅಲ್ಲಿಯವರೆಗೆ ಮೇಲೆ ಭಾರ ಹೇರದಿದ್ದರೆ ಪತ್ರ ಹಪ್ಪಳದಂತೆ ಮುದುಡುತ್ತದೆ. ಮನೆಯಲ್ಲಿ ಭಾರವಾದದ್ದು ಯಾವುದು? ಬೀಸುವ ಕಲ್ಲು! ಅದರ ಮೇಲಿನ ಕಲ್ಲನ್ನು ಎತ್ತಿಕೊಂಡು ಹೋಗಿ ಮೂಲೆಯಲ್ಲಿ ಪತ್ರದ ಮೇಲೆ ಇಟ್ಟುಬಿಡುತ್ತಿದ್ದ. ಕೆಳಗಿನ ಕಲ್ಲು ನಡುವಿನ ಗೂಟ ಚಾಚಿಕೊಂಡು ಒಂಟಿಯಾಗಿ ಕೂತಿರುತ್ತಿತ್ತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಾಯಿಯ ವಿಷಯದಲ್ಲಿ ಇಡೀ ಓಣಿಗೆ ಹಿರಿಯಳು. ಬಿಡುತ್ತಾಳೆಯೇ?

"ಏನ್ರಿ, ರೊಟ್ಟಿ ಬ್ಯಾಡೇನು? ಇಲ್ಲಾ, ನಿಮ್ಮ ನವಲ ಸುಟ್ಟು ಹಾಕ್ಲ್ಯೋ?"

"ತಡಿಯ, ಖಳಿ ಇನ್ನ ಒಣಗಿಲ್ಲ."

"ಒಣಗೂತನಕ ನಾ ಎಲ್ಲಿ ಬೀಸ್ಲಿ? ಮಂದಿ ಮನಿ ಕಲ್ಲಿಗೆ ಕೈ ಹಚ್ಚೂ ಹೆಣಮಗಳಲ್ಲ ನಾ!"

ಹಿಟ್ಟಿನ ಡಬ್ಬಿ ತಳ ಕಂಡ ದಿನ, ಪತ್ರ ಒಣಗಿರಲಿ ಹಸಿಯಿರಲಿ, ತಾನೇ ಕಲ್ಲೆತ್ತಿ ಪತ್ರವನ್ನು ಹೊರಗಿನ ಕಟ್ಟೆಗೆ ಎಸೆದು ಬೀಸಲು ಕೂಡುತ್ತಿದ್ದಳು. ಗೆಲ್ಲುವುದು ಯಾವಾಗಲೂ ರೊಟ್ಟಿಯೇ.

ನಾನು ಮೂಡಲಗಿ ಕಡೆಯ ಹಳ್ಳಿಯಿಂದ ಓದಲು ಬಂದು ಈ ಮನೆಯ ರೊಟ್ಟಿ ತಿಂದು ಬೆಳೆದವನು. ನಮ್ಮ ಮನೆತನದಲ್ಲಿ ಸಹಿ ಮಾಡುವವರಿಗಿಂತ ಹೆಬ್ಬೆಟ್ಟು ಒತ್ತುವವರೇ ಹೆಚ್ಚು. ಬಿ.ಎ. ಎಂಬ ಎರಡಕ್ಷರ ಮೊದಲು ಬಿದ್ದದ್ದು ನನ್ನ ಹೆಸರಿನ ಮುಂದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆ ಹೇಳಬಾರದು? ಆದರೆ ಸುಮ್ಮನೆ ಬೀಳಲಿಲ್ಲ.

ಕೊನೆಯ ಪರೀಕ್ಷೆಗೆಂದು ಬೆಳಗಾವಿಗೆ ಹೊರಟ ದಿನ ಕಾಕಾ ಟೇಪು ಹಿಡಿದು ನನ್ನ ಭುಜ, ತೋಳು ಅಳೆದ.

"ಕಾಕಾ, ನಾ ಇನ್ನ ಪೇಪರ ಬರದಿಲ್ಲ!"

"ನೀ ಬರಿ. ನಾ ಖಳಿ ಕುದಿಸ್ತೇನಿ."

ಪಾಸಾದವರ ನಂಬರು ವರ್ತಮಾನ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ ಅದು. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ನನ್ನ ಹಿಂದಿನ ನಂಬರಿನವನಿದ್ದ, ಮುಂದಿನವನೂ ಇದ್ದ. ನಾನು ಮಾತ್ರ ಇರಲಿಲ್ಲ! ಇಂಗ್ಲಿಷು ನನ್ನನ್ನು ಕೆಡವಿತ್ತು.

ಮನೆಗೆ ಬಂದು ಹೇಳಿದೆ. ಮೂಲೆಯಲ್ಲಿ ಕಲ್ಲು ಕೂತಿತ್ತು. ಅದರ ಕೆಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತು. ಚಿಗವ್ವ ಹಸನು ಮಾಡಿದ ಜೋಳದ ಮೊರ ಹಿಡಿದು ನಿಂತಿದ್ದಳು, ಡಬ್ಬಿ ಬರಿದಾಗಿತ್ತು. ಇನ್ನೇನು, ಕಲ್ಲೆತ್ತುತ್ತಾಳೆ, ನನ್ನ ಬಿ.ಎ. ಕಟ್ಟೆಗೆ ಬೀಳುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಬಾಜೂ ಮನೆಯವಳು ಬಾಗಿಲಿಗೆ ಬಂದಳು.

"ಪಾಸ್ ಆದೇನೋ ತಮ್ಮಾ? ನಿಮ್ಮ ಕಾಕಾ ಪತ್ರ ಮಾಡ್ಯಾರಂತ, ತೋರಸ್ರಿ ನೋಡೂಣು."

ಕಾಕಾ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದ: "ಖಳಿ ಇನ್ನ ಒಣಗಿಲ್ಲವ್ವಾ."

ಹೊರಗೆ ಹಸಿ ಸಗಣಿ ಮಧ್ಯಾಹ್ನದೊಳಗೆ ಕುಳ್ಳಾಗುವಂಥ ಬಿಸಿಲು! ಚಿಗವ್ವ ಕಾಕಾನನ್ನು ನೋಡಿದಳು, ನನ್ನನ್ನು ನೋಡಿದಳು. ಜೋಳದ ಮೊರವನ್ನು ಸೊಂಟಕ್ಕೇರಿಸಿದಳು.

"ಹೌದು, ಒಣಗಿಲ್ಲ. ನಿಮ್ಮ ಕಲ್ಲು ಖಾಲಿ ಐತೇನವ್ವಾ? ನಾಕು ಹಿಡಿ ಬೀಸಿಕೊಂಡು ಬರ್ತೇನಿ, ನಡಿ."

ಆ ಖಳಿ ಒಣಗಲು ಒಂದು ವರ್ಷ ಹಿಡಿಯಿತು! ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಕಾಕಾ ಬೇರೆ ಯಾರಿಗೂ ಪತ್ರ ಮಾಡಲಿಲ್ಲ. ಕಲ್ಲು ತೆರವಿಲ್ಲ ಅನ್ನುತ್ತಿದ್ದ. ಚಿಗವ್ವ ಜೋಳದ ಮೊರ ಹೊತ್ತು ಬಾಜೂ ಮನೆಗೆ ಹೋಗಿ ಬರುತ್ತಿದ್ದಳು. ಕಲ್ಲಿನ ಮಾತು ಒಮ್ಮೆಯೂ ತೆಗೆಯಲಿಲ್ಲ. ನಾನು ಮೂಲೆಯ ಕಡೆ ಬೆನ್ನು ಮಾಡಿ ಕೂತು ಇಂಗ್ಲಿಷು ಉರು ಹೊಡೆದೆ.

ಮುಂದಿನ ಸಲ ನಂಬರು ಬಂತು. ಮನೆಗೆ ಓಡಿ ಬಂದು ಹೇಳಿದಾಗ ಕಾಕಾ ಎದ್ದು ಕಲ್ಲೆತ್ತಿದ. ಕರಿ ಬಟ್ಟೆಯ ಪದವೀಧರನ ನಿಲುವಂಗಿ, ಪುಟ್ಟ ಪುಟ್ಟ ಗುಂಡಿ, ಸುತ್ತ ಜರಿ. ಆದರೆ ಹುಳಗಳು ಖಳಿಯ ರುಚಿಗೆ ಎರಡೂ ತೋಳು ತಿಂದು ಮುಗಿಸಿದ್ದವು! ಕಾಕಾ ಪತ್ರ ಝಾಡಿಸಿ ನನ್ನ ಕೈಗೆ ಕೊಟ್ಟ.

"ತಗೋ. ತೋಳು ಬಿಗಿ ಆಗೂದಂತೂ ಇಲ್ಲ."

ಚಿಗವ್ವ ಆಗಲೇ ಕಲ್ಲನ್ನು ಸೆರಗಿನಿಂದ ಒರೆಸಿ ಅದರ ಜಾಗದಲ್ಲಿ ಕೂರಿಸಿ, ಜೋಳ ಸುರಿಯುತ್ತಿದ್ದಳು. ನಾನು ಪತ್ರವನ್ನು ಪಕ್ಕಕ್ಕಿಟ್ಟು, ಅವಳ ಎದುರಿಗೆ ಕೂತು ಅವಳು ಹಿಡಿದ ಹಿಡಿಗೂಟಕ್ಕೆ ನಾನೂ ಕೈ ಹಚ್ಚಿದೆ. ನಮ್ಮ ಮನೆತನದ ಮೊದಲ ಬಿ.ಎ.ಯ ಮೊದಲ ಕೆಲಸ. ಎರಡು ಸುತ್ತು ಹಾಕುವುದರೊಳಗೆ ಬೈಗಳು ಬಂತು.

"ಸಾವಕಾಶ ತಿರುವೋ, ನುಚ್ಚಾಗಾಕತ್ತೈತಿ. ಸಣ್ಣಗ ಬೀಳ್ಲಿ. ವರ್ಷದ ಮ್ಯಾಲೆ ನನ್ನ ಕಲ್ಲಿನ ಹಿಟ್ಟು ಇದು."