ಮೇಷ್ಟ್ರ ಕರೆಂಟ್ ಸೈಕಲ್ಲೂ ನನ್ನ ಬೋರ್ಡೂ

ರಿಪೇರಿ ಅಂಗಡಿಗೆ ಬರುವ ಗಾಡಿಗಳಿಗಿಂತ ಗಾಡಿ ಹಿಂದೆ ಬರುವ ಪ್ರಸಂಗಗಳೇ ಹೆಚ್ಚು. ಕೂಡ್ಲಿಗಿಯಲ್ಲಿ ನನ್ನ ಅಂಗಡಿ ಮುಂದೆ ಅರ್ಧ ತಾಸು ನಿಂತರೆ ನಿಮಗೂ ಒಂದು ಸಿಗುತ್ತದೆ. ನಾನು ಕಾನಹೊಸಹಳ್ಳಿ ಕಡೆಯ ಹಳ್ಳಿಯವನು. ಹೈಸ್ಕೂಲು ಮುಗಿಯುವ ಮೊದಲೇ ಹೊಲದ ಪಂಪು ಬಿಚ್ಚಿ ಜೋಡಿಸಿದವನು. ಜೋಡಿಸಿದ ಮೇಲೆ ಎರಡು ನಟ್ಟು ಉಳಿದವು, ಪಂಪು ಮಾತ್ರ ನೀರೆತ್ತಿತು. ಕಂಪನಿಯವರೇ ಎರಡು ಹೆಚ್ಚಿಗೆ ಹಾಕಿದ್ದರು. ಇಂಥ ಕೈ ಇದ್ದವನು "ಇಲ್ಲಿ ಆಗದ ರಿಪೇರಿ ಇಲ್ಲ" ಎಂದು ಬೋರ್ಡ್ ಬರೆಸಿದರೆ ತಪ್ಪೇನು?

ಆ ಬೋರ್ಡಿಗೆ ಕುತ್ತು ತಂದದ್ದು ಒಂದು ಕರೆಂಟ್ ಸೈಕಲ್.

೧. ಸಂತೆ ಚೀಲ

ಬ್ಯಾಟರಿ ಸೈಕಲ್ಲುಗಳು ನಮ್ಮ ಕಡೆ ಆಗ ತಾನೇ ಕಾಣಿಸಿಕೊಂಡಿದ್ದವು. ನನಗೆ ಗಣಿತ ಕಲಿಸಿ, ನನ್ನ ತಲೆಗೆ ಏನೂ ಹತ್ತದೆ, ರಿಟೈರಾದ ಮೇಷ್ಟ್ರು ದಾವಣಗೆರೆಯಿಂದ ಒಂದನ್ನು ತಂದರು. ಬಲಗೈ ಹಿಡಿ ತಿರುವಿದರೆ ಓಡುತ್ತದೆ. ಅದಕ್ಕೆ ನಾವು ಎಕ್ಸಲೇಟರ್ ಅನ್ನುತ್ತೇವೆ. ಒಂದೇ ವಾರಕ್ಕೆ ಮೇಷ್ಟ್ರು ಅದನ್ನು ತಳ್ಳಿಕೊಂಡು ಬಂದರು.

"ಎಷ್ಟು ತಿರುವಿದ್ರೂ ಮಿಸುಕಾಡವಲ್ದಲೇ. ಸಂತಿಗೆ ಹೋಗೋವಾಗ ಚಲೋ ಓಡ್ತೈತಿ, ಬರೋವಾಗ ನಿಲ್ತೈತಿ."

ಎದುರಿಗೆ ಸ್ಕೂಟರ್ ರಿಪೇರಿಯವನ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವನು, ಬಾಯಿ ಇಪ್ಪತ್ತು ವರ್ಷ ದೊಡ್ಡದು. "ತಮ್ಮಾ, ಇದು ನಿನ್ನ ಪಂಪಲ್ಲ. ಸುಮ್ನ ದಾವಣಗೆರಿಗೆ ಕಳಿಸು" ಅಂದ.

ನನ್ನ ರಕ್ತ ಕುದಿಯಿತು. ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದೆ: "ಇದನ್ನ ರಿಪೇರಿ ಮಾಡ್ಲಿಲ್ಲ ಅಂದ್ರ ಬೋರ್ಡ್ ಇಳಿಸಿ ನಿನ್ನ ಕೈಯಾಗ ಕೊಡ್ತೀನಣ್ಣಾ. ಅದರ ಮ್ಯಾಲ ಕುಂತು ಪಂಕ್ಚರ್ ಹಾಕು!"

ಎರಡು ತಾಸು ಬಿಚ್ಚಿದೆ, ನೋಡಿದೆ, ಮುಚ್ಚಿದೆ. ಏನೂ ಇಲ್ಲ. ಕಡೆಗೆ ಅಡ್ಡ ಬರುತ್ತಿದೆ ಎಂದು ಹ್ಯಾಂಡಲಿಗೆ ನೇತಾಡುತ್ತಿದ್ದ ಮೇಷ್ಟ್ರ ಬದನೆಕಾಯಿ ಚೀಲ ತೆಗೆದು ಕೆಳಗಿಟ್ಟು ತಿರುವಿದೆ. ಚಕ್ರ ಗರಗರ ತಿರುಗಿತು! ಈ ಸೈಕಲ್ಲಿನಲ್ಲಿ ಬ್ರೇಕ್ ಹಿಡಿದರೆ ಮೋಟರಿನ ಕರೆಂಟು ತಾನೇ ಕಟ್ ಆಗುತ್ತದೆ. ಮೇಷ್ಟ್ರು ಸಂತೆ ಚೀಲವನ್ನು ಬ್ರೇಕಿಗೇ ನೇತು ಹಾಕಿದ್ದರು.

"ಏನಾಗಿತ್ತಲೇ?"

"ಬದನಿಕಾಯಿ ಬ್ರೇಕ್ ಹಿಡಿದಿತ್ತು ಸಾರ್."

ದೊಡ್ಡ ರಿಪೇರಿ ಮುಗಿದರೆ ಕಾಯಿ ಒಡೆದು, ನೀರನ್ನು ಹ್ಯಾಂಡಲಿಗೆ ಬಿಟ್ಟು ಕಳಿಸುವುದು ನಮ್ಮ ಅಂಗಡಿಯ ಪದ್ಧತಿ. ಎದುರಿನವನು ಬರೀ ಅರಿವೆಯಲ್ಲಿ ಒರೆಸಿ ಕೊಡುತ್ತಾನೆ. ನಾನು ಕಾಯಿ ಒಡೆದೆ. ಆತ ಅಲ್ಲಿಂದಲೇ ಕೇಳಿದ:

"ಚೀಲ ಕೆಳಗಿಟ್ಟಿದ್ದಕ್ಕೂ ಕಾಯಿ ಒಡೀತಿಯೇನಲೇ?"

೨. ಇಳಿಯುವುದು ಹೇಗೆ

ನಾಲ್ಕು ದಿನಕ್ಕೆ ಮೇಷ್ಟ್ರು ಸವಾರಿ ಮಾಡುತ್ತಲೇ ಬಂದರು, ಆದರೆ ನಿಲ್ಲಲಿಲ್ಲ. ಅಂಗಡಿ ದಾಟಿ ಹೋದರು, ಸರ್ಕಲ್ ಸುತ್ತಿ ಮತ್ತೆ ಬಂದರು, ಮತ್ತೆ ದಾಟಿದರು.

"ಲೇ! ಹಿಡಿ ತಿರುವಿದ್ದು ವಾಪಸ್ ಬರವಲ್ದು! ಬ್ರೇಕ್ ಹಿಡಿದ್ರ ನಿಲ್ತೈತಿ, ಬಿಟ್ರ ಓಡ್ತೈತಿ!"

"ಚಾವಿ ಆಫ್ ಮಾಡ್ರಿ ಸಾರ್!"

"ಚಾವಿಗೆ ಕೈ ಹಾಕಿದ್ರ ಬ್ರೇಕ್ ಯಾರು ಹಿಡೀಬೇಕಲೇ, ನಿಮ್ಮಪ್ಪ?"

ಮೂರನೇ ಸುತ್ತಿಗೆ ನಾನೇ ಜೊತೆಗೆ ಓಡಿ ಚಾವಿ ತಿರುವಿದೆ. ಹಿಡಿ ಬಿಚ್ಚಿದರೆ ಒಳಗೆಲ್ಲ ಅಂಟು. ಯಾರೋ ನೀರು ಹೊಯ್ದಿದ್ದಾರೆ ಎಂದು ನನಗೆ ಕಂಡುಬಂತು. ಪೆಟ್ರೋಲಿನಲ್ಲಿ ಒರೆಸಿ, ಜೋಡಿಸಿ, ಪದ್ಧತಿ ಪ್ರಕಾರ ಕಾಯಿ ಒಡೆದು, ಮೇಷ್ಟ್ರ ಮನೆಗೆ ನಾನೇ ಬಿಟ್ಟು ಬಂದೆ. ಮೇಷ್ಟ್ರ ಹೆಂಡತಿಗೆ ಬುದ್ಧಿಯನ್ನೂ ಹೇಳಿದೆ.

"ಅಮ್ಮಾರ, ಕರೆಂಟಿನ ಸೈಕಲ್ ಐತಿ ಇದು. ಎಮ್ಮಿ ಮೈ ತೊಳೆದಂಗ ತೊಳೀಬಾರ್ದು."

"ಯಾರು ತೊಳೆದ್ರೋ? ಅದಕ್ಕ ಧೂಳು ಕುಂದರಬಾರ್ದು ಅಂತ ನಿಮ್ಮ ಮೇಷ್ಟ್ರು ನನ್ನ ಹೊಸ ಚಾದರ ಹೊದಿಸ್ಯಾರ. ನಾನು ಹರಕು ಚಾದರದಾಗ ಮಕ್ಕೊಂತೀನಿ!"

೩. ಕೊಟ್ಟೂರು ಬಸ್ಸು

ಮತ್ತೊಂದು ವಾರಕ್ಕೆ ಪೂರ್ತಿ ಬಂದ್. ಚಾವಿ ಹಾಕಿದರೆ ದೀಪ ಹತ್ತುತ್ತದೆ, ತಿರುವಿದರೆ ಚಕ್ರಕ್ಕೆ ಸಂಬಂಧವೇ ಇಲ್ಲ. ಬ್ರೇಕಿನಲ್ಲಿ ಚೀಲ ಇರಲಿಲ್ಲ, ಮೊದಲು ಅದನ್ನೇ ನೋಡಿದೆ. ವೈರು ಎಳೆದು ನೋಡಿದೆ, ಬ್ಯಾಟರಿ ನೋಡಿದೆ. ಎದುರಿನವನು ನನ್ನ ಬೋರ್ಡಿನ ಉದ್ದ ಅಗಲವನ್ನು ಕೆಳಗೆ ನಿಂತೇ ಗಾಳಿಯಲ್ಲಿ ಗೇಣಿಟ್ಟು ಅಳೆದು ಹೋದ. ಹಟಕ್ಕೆ ಬಿದ್ದೆ. ಹಿಡಿ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡು, ಕೊಟ್ಟೂರಿನ ರೇಡಿಯೋ ರಿಪೇರಿ ಮುದುಕನ ಹತ್ತಿರ ಹೋಗಲು ಬಸ್ ಹತ್ತಿದೆ.

ಅರ್ಧ ದಾರಿಯಲ್ಲಿ ಎದೆ ಮೇಲೆ ಚುರ್ ಎಂದಿತು. ಆಮೇಲೆ ಬೆನ್ನು, ಬಗಲು. ನಿಂತು ಅಂಗಿ ಕಿತ್ತೆಸೆದೆ. ಕೆಂಪಿರುವೆ! ಹಿಡಿಯೊಳಗಿಂದ ಸಾಲು ಹಿಡಿದು ಬರುತ್ತಿವೆ. ಕಂಡಕ್ಟರ್ ಓಡಿ ಬಂದ. "ಏನ್ರಿ, ಬಸ್ಸಿನ್ಯಾಗ ಗರಡಿಮನಿ ನಡೆಸ್ತೀರೇನು?"

ಮುದುಕ ಹಿಡಿಯ ಮೂರು ವೈರು ತೋರಿಸಿದ. "ಕೆಂಪು ವೈರಿನಾಗ ಕರೆಂಟ್ ಬರ್ತೈತಿ, ಕರೇದರಾಗ ವಾಪಸ್ ಹೋಗ್ತೈತಿ. ನೀ ಎಷ್ಟು ತಿರುವಿದಿ ಅನ್ನೋ ಸುದ್ದಿನ ಈ ಮೂರನೇದು ಮೋಟರಿಗೆ ಮುಟ್ಟಿಸ್ತೈತಿ." ಮೀಟರ್ ಹಚ್ಚಿ ತಿರುವಿದ. ಮುಳ್ಳು ಏರಲಿಲ್ಲ. ಒಳಗೆ ಆ ಸುದ್ದಿ ಹುಟ್ಟಿಸುವ ಕಡಲೆಕಾಳಿನಷ್ಟು ಸಾಮಾನು, ಅದರ ಕಾಲು ತುಕ್ಕು ತಿಂದಿತ್ತು. ಬೇರೆ ಹಾಕಿ ಬೆಸೆದ. ಆಮೇಲೆ ಒಳಗಿನ ಅಂಟನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದ.

"ತೆಂಗಿನಕಾಯಿ ನೀರಲೇ ಇದು. ಯಾವನೋ ಹುಚ್ಚ ಇದಕ್ಕ ಕುಡಿಸ್ಯಾನ."

"ಅಂಥ ಹುಚ್ಚ ಕೂಡ್ಲಿಗಿಯಾಗ ಎಲ್ಲೇ ಇರ್ಲಿ, ಹಿಡೀತೀನಿ ಅಜ್ಜಾ!"

೪. ಕಳ್ಳ

ಮರುದಿನ ಅಂಗಡಿ ಮುಂದೆ ಇಡೀ ಬೀದಿ ಸೇರಿತ್ತು. ಸುದ್ದಿ ಹಬ್ಬಿಸಿದವನು ನಾನೇ. ಮೇಷ್ಟ್ರು ಬಂದಿದ್ದರು, ಅವರ ಹೆಂಡತಿ ಬಂದಿದ್ದರು. ಎದುರಿನವನು ಕೆಲಸ ಬಿಟ್ಟು ಏಣಿ ಹೊತ್ತು ತಂದು ನನ್ನ ಗೋಡೆಗೆ ಒರಗಿಸಿದ್ದ. ನಾನು ಆತನನ್ನೇ ನೋಡುತ್ತ ಕೂಗಿದೆ:

"ಕೇಳ್ರಿ ಎಲ್ಲಾರು! ರಿಪೇರಿ ಮಾಡ್ತೀನಿ. ಕಾಯಿನೀರು ಹೊಯ್ದ ಕಳ್ಳನ್ನೂ ಹಿಡೀತೀನಿ. ಎರಡರಾಗ ಒಂದು ತಪ್ಪಿದ್ರೂ ಬೋರ್ಡ್ ಇಳಿಸ್ತೀನಿ!"

ಹಿಡಿ ಜೋಡಿಸಿದೆ. ಮೇಷ್ಟ್ರು ಹತ್ತಿ ತಿರುವಿದರು. ಸರ್ಕಲ್ ತನಕ ಬಾಣದಂತೆ ಹೋಗಿ, ತಿರುಗಿ ಬಂದು, ಹಿಡಿ ಬಿಟ್ಟ ಕೂಡಲೇ ನಿಧಾನವಾಗಿ, ಬ್ರೇಕ್ ಹಿಡಿದು ಅಂಗಡಿ ಮುಂದೆಯೇ ನಿಂತರು. ಜನ ಚಪ್ಪಾಳೆ ಹೊಡೆದರು. ನನ್ನ ಎದೆ ಉಬ್ಬಿತು, ಮೈ ಮರೆತೆ. ಒಳಗೆ ಹೋದೆ, ಕಾಯಿ ತಂದೆ, ಟಪ್ಪನೆ ಒಡೆದೆ. ನೀರನ್ನು ಎಕ್ಸಲೇಟರ್ ಮೇಲೆ ಬಿಡಬೇಕು, ಅಷ್ಟರಲ್ಲಿ ಮೇಷ್ಟ್ರು ಗಬಕ್ಕನೆ ನನ್ನ ಮುಂಗೈ ಹಿಡಿದರು.

"ಬಿಡಬ್ಯಾಡ್ರಿ ಸಾರ್, ಗಟ್ಟಿ ಹಿಡಕೊಳ್ರಿ!" ಎದುರಿನವನು ಕುಣಿದ. "ಕಳ್ಳ ಸಿಕ್ಕ!"

"ಎಮ್ಮಿ ಮೈ ತೊಳೆದಂಗ ಅಂದ್ಯಲ್ಲೋ ನನಗ!" ಅಂದರು ಮೇಷ್ಟ್ರ ಹೆಂಡತಿ.

"ಏಣಿ ರೆಡಿ ಐತಿ ತಮ್ಮಾ. ಹತ್ತು" ಅಂದ ಎದುರಿನವನು.

ನಾನು ಚಿಪ್ಪಿನಲ್ಲಿದ್ದ ನೀರನ್ನು ಗಟಗಟ ಕುಡಿದು ಬಾಯಿ ಒರೆಸಿಕೊಂಡೆ.

"ಯಾಕ್ ಇಳಿಸ್ಲಿ? ರಿಪೇರಿ ಮಾಡ್ತೀನಿ ಅಂದೆ, ಮಾಡೀನಿ. ಕಳ್ಳನ್ನ ಹಿಡೀತೀನಿ ಅಂದೆ, ಊರ ಮಂದಿ ಎದುರಿಗೆ ಕೈಯಾಗ ಕಾಯಿ ಸಮೇತ ಹಿಡಿದು ಕೊಟ್ಟೀನಿ. ದಾವಣಗೆರಿಯವರ ಕೈಲಿ ಇದು ಆಗ್ತಿತ್ತೇನು?"

ಏಣಿ ಹೇಗೂ ಎದುರಿನವನು ತಂದಿದ್ದ. ಹತ್ತಿ ಬೋರ್ಡಿನ ಧೂಳು ಒರೆಸಿದೆ.