ಮೂರು ಹಸಿರು ದೀಪ

ನಮ್ಮ ಚಿಕ್ಕಪ್ಪ ಯಾವ ಮನೆಯೊಳಗೂ ಮೊದಲ ಸಲಕ್ಕೇ ಕಾಲಿಟ್ಟವರಲ್ಲ! ಗೇಟಿನ ತನಕ ಬರುತ್ತಿದ್ದರು, ಏನೋ ಅನುಮಾನವಾಗಿ ಹಾಗೇ ಮುಂದೆ ಹೋಗಿಬಿಡುತ್ತಿದ್ದರು, ಒಂದು ಸುತ್ತು ಹಾಕಿಕೊಂಡು ಮತ್ತೆ ಬರುತ್ತಿದ್ದರು. ನೋಡಿದವರು ಈ ಮನುಷ್ಯನಿಗೆ ತಲೆ ಸರಿಯಿಲ್ಲ ಅಂದುಕೊಂಡರೆ ತಪ್ಪೇನು ಹೇಳಿ? ಆದರೆ ಇಂಥವರ ಕೈಗೆ ದಿನಾ ನಲವತ್ತು ಜನರ ಪ್ರಾಣ ಕೊಟ್ಟು ಆಕಾಶಕ್ಕೆ ಕಳಿಸುತ್ತಿದ್ದರು. ಚಿಕ್ಕಪ್ಪ ಪೈಲಟ್ಟು! ಎಪ್ಪತ್ತರ ದಶಕದ ಬಸವನಗುಡಿಯಲ್ಲಿ, ನಮ್ಮ ಬೀದಿಯ ತುಂಬ ಮೇಷ್ಟ್ರುಗಳು, ಬ್ಯಾಂಕಿನವರು, ಗುಮಾಸ್ತರು. ವಿಮಾನ ಹಾರಿಸುವವರು ಇವರೊಬ್ಬರೇ.

ಚಾಮರಾಜಪೇಟೆಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ಒಳಗೆ ಹೋಗಿ ಚಾಪೆಯ ಮೇಲೆ ಕೂತಾಗಿದೆ, ಗಂಡು ಮಾತ್ರ ಬೀದಿಯಲ್ಲಿ! ಗೇಟಿನ ಹತ್ತಿರ ಬಂದಾಗ ಷರಟಿನ ಗುಂಡಿ ಸರಿಯಾಗಿ ಹಾಕಿದೆಯೋ ಇಲ್ಲವೋ ಅಂತ ಅನುಮಾನ ಬಂತಂತೆ. ಮೂರು ಸಲ ಮನೆ ದಾಟಿ ಹೋಗಿ, ನಾಲ್ಕನೇ ಸಲ ಒಳಗೆ ಬಂದರು. ಹೆಣ್ಣು ಅಡುಗೆಮನೆಯ ಕಿಟಕಿಯಿಂದ ಅದನ್ನೆಲ್ಲ ಎಣಿಸಿಕೊಂಡು ನಿಂತಿತ್ತು. ಉಪ್ಪಿಟ್ಟಿನ ತಟ್ಟೆ ಇಡುತ್ತಾ ಕೇಳಿಯೇಬಿಟ್ಟಿತು.

"ಮೂರು ಸಲ ವಾಪಸ್ ಹೋದ್ರಲ್ಲಾ, ಬರೋಕೆ ಇಷ್ಟ ಇರ್ಲಿಲ್ವಾ?"

"ಅನುಮಾನ ಇಟ್ಕೊಂಡು ಇಳೀಬಾರ್ದು ನೋಡಿ. ಇನ್ನೊಂದು ಸುತ್ತು ಹಾಕಿದ್ರೆ ಗಂಟೇನು ಹೋಗತ್ತೆ?" ಅಂದರು ಚಿಕ್ಕಪ್ಪ.

ಹುಡುಗಿ ನಕ್ಕುಬಿಟ್ಟಳು. ಅವಳೇ ನಮ್ಮ ಚಿಕ್ಕಮ್ಮ. ಈ ಪ್ರಸಂಗವನ್ನು ಆಕೆ ನನಗೆ ನೂರು ಸಲ ಹೇಳಿದ್ದಾಳೆ, ನೂರು ಸಲವೂ ಅದೇ ಜಾಗದಲ್ಲಿ ನಕ್ಕಿದ್ದಾಳೆ.

ಅಜ್ಜಿಗೆ ಮಾತ್ರ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. ಮಗ ಮೊದಲ ಸಲ ಯೂನಿಫಾರಂ ಹಾಕಿದ ದಿನವೇ ದೊಡ್ಡ ಗಣಪತಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದಳು. ಯಂತ್ರ ಏನಾದರೂ ಕೈಕೊಟ್ಟು ಪ್ರಾಣಕ್ಕೆ ಸಂಚಕಾರ ಬಂದಿತೋ, ಮಾರನೆಯ ದಿನವೇ ರಾಜೀನಾಮೆ! ಆಮೇಲೆ ಯಾವುದಾದರೂ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಬರೆಯುವ ಕೆಲಸ. ಕುರ್ಚಿ ಅಂದರೆ ಚಿಕ್ಕಪ್ಪನ ಮುಖ ಬಾಡುತ್ತಿತ್ತು. ವಿಮಾನವಿಲ್ಲದ ಭಾನುವಾರಗಳಲ್ಲೇ ಅವರು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದದ್ದು. ಇನ್ನು ವಾರವೆಲ್ಲ ಭಾನುವಾರವಾದರೆ?

ಅಂಥ ಒಂದು ಭಾನುವಾರ ಊಟದ ಮನೆಯಲ್ಲಿ ನಮಗೆಲ್ಲ ಪಾಠವಾಯಿತು. ಮಣೆಯೇ ವಿಮಾನ, ಅದರ ಕೆಳಗೆ ಮೂರು ನಿಂಬೆಹಣ್ಣು, ಅವೇ ಚಕ್ರಗಳು.

"ಇಳಿಯೋ ಮುಂಚೆ ಚಕ್ರ ಕೆಳಗೆ ಬರ್ಬೇಕು. ಮೂರೂ ಬಂದು ಗಟ್ಟಿಯಾಗಿ ಕೂತ್ರೆ ನನ್ನ ಮುಂದೆ ಮೂರು ಹಸಿರು ದೀಪ ಹತ್ಕೊಳತ್ತೆ. ಎರಡೇ ಹತ್ಕೊಂಡ್ರೆ ಏನು ಮಾಡ್ಬೇಕು?"

"ಗಾಬರಿ ಬೀಳ್ಬೇಕು," ಅಂದಳು ಅಜ್ಜಿ.

"ಅದನ್ನ ಬಿಟ್ಟು ಹೇಳಮ್ಮ! ಇಳೀಬಾರ್ದು. ಮೇಲಕ್ಕೆ ಹೋಗಿ ಸುತ್ತು ಹಾಕ್ತಾ ಇರ್ಬೇಕು. ಇಬ್ಬರು ಪೈಲಟ್ ಇರ್ತೀವಲ್ಲ, ಒಬ್ಬ ವಿಮಾನ ಹಾರಿಸೋದು ಬಿಟ್ಟು ಬೇರೆ ಏನೂ ಮಾಡಕೂಡದು. ಇನ್ನೊಬ್ಬ ಮೊದಲು ಬಲ್ಬ್ ನೋಡ್ಬೇಕು. ಎಷ್ಟೋ ಸಲ ಚಕ್ರ ಸರಿಯಾಗೇ ಇರತ್ತೆ, ಬಲ್ಬ್ ಹೋಗಿರತ್ತೆ. ಇಬ್ರೂ ಬಲ್ಬ್ ನೋಡ್ತಾ ಕೂತ್ರೆ ವಿಮಾನ ಯಾರು ನೋಡ್ತಾರೆ?"

ಅಷ್ಟರಲ್ಲಿ ಅಡುಗೆಮನೆಯಿಂದ ಚುರ್ ಅಂತ ಸದ್ದು! ಮನೆಯವರೆಲ್ಲ ನಿಂಬೆಹಣ್ಣು ನೋಡುತ್ತಾ ಕೂತಿದ್ದೆವು, ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳಲೇ ಇಲ್ಲ. "ನೋಡಿದ್ರಾ? ನಾನು ಹೇಳಿದ್ದು ಇದನ್ನೇ!" ಅಂತ ಸಂತೋಷಪಟ್ಟರು.

ಪಾಠ ಅಲ್ಲಿಗೇ ಮುಗಿಯಲಿಲ್ಲ. ಬಲ್ಬ್ ಸರಿ ಇದ್ದರೆ ವಿಮಾನ ನಿಲ್ದಾಣದ ಗೋಪುರದ ಪಕ್ಕ ತಗ್ಗಿನಲ್ಲಿ ಹಾರಿ, ಅಲ್ಲಿರುವವರಿಗೆ ಚಕ್ರ ತೋರಿಸಬೇಕು. ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದರೆ ಕೈಪಂಪು ಒತ್ತಿ ಒತ್ತಿ ಇಳಿಸಬೇಕು. ಜೊತೆಗೆ ಸುತ್ತು ಹಾಕುತ್ತಾ ಪೆಟ್ರೋಲು ಖರ್ಚು ಮಾಡಿ ಭಾರ ಇಳಿಸಿಕೊಳ್ಳಬೇಕು. ಕೊನೆಗೆ ಎಳೆಗೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ನೆಲಕ್ಕೆ ಮುಟ್ಟಿಸಬೇಕು. ನನಗೆ ಮಗ್ಗಿ ಬಾಯಿಗೆ ಬರುವ ಮುಂಚೆ ಇದು ಬಾಯಿಗೆ ಬಂದಿತ್ತು.

ಅಂದಿನಿಂದ ಮನೆಗೂ ಮೂರು ಹಸಿರು ಬಂತು. ಎಲ್ಲಿಗಾದರೂ ಹೊರಟರೆ ಗೇಟಿನ ಹತ್ತಿರ ಚಿಕ್ಕಪ್ಪ ಕೂಗುವುದು: "ಗ್ಯಾಸು?" ಚಿಕ್ಕಮ್ಮ, "ಹಸಿರು!" "ನಲ್ಲಿ?" ನಾನು, "ಹಸಿರು!" "ಬೀಗ?" ಅಜ್ಜಿ, "ಹಸಿರು!" ಒಮ್ಮೆ ಮಲ್ಲೇಶ್ವರದ ಮದುವೆಗೆ ಹೊರಟಾಗ ಅಜ್ಜಿಯ ಬಾಯಿ ತುಂಬ ಎಲೆಯಡಿಕೆ. ಬರೀ "ಹೂಂ" ಅಂದಳು. ಗಾಂಧಿ ಬಜಾರಿನಲ್ಲಿ ಬಸ್ ಹತ್ತಿ ಕೂತಮೇಲೆ ಚಿಕ್ಕಪ್ಪನಿಗೆ ಅದು ನೆನಪಾಯಿತು. ಎಲ್ಲರನ್ನೂ ರೇಷ್ಮೆ ಸೀರೆ ಸಮೇತ ಇಳಿಸಿ ಮನೆಗೆ ನಡೆಸಿಕೊಂಡು ಬಂದರು. ಬೀಗ ಕಲ್ಲಿನ ಹಾಗೆ ಕೂತಿತ್ತು! ಮದುವೆಮನೆ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಎರಡನೇ ಪಂಕ್ತಿ ಏಳುತ್ತಿತ್ತು. ಅಜ್ಜಿ ಒಂದು ವಾರ ಮಗನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟರೂ ಕಾಫಿ ಬಿಡಲಿಲ್ಲ. ಸಂಜೆ ಐದರ ಹೊತ್ತಿಗೆ ಚಿಕ್ಕಪ್ಪನ ವಿಮಾನ ನಮ್ಮ ಬಡಾವಣೆಯ ಮೇಲೆ ಗುರ್ ಅಂತ ಹಾದುಹೋಗುತ್ತಿತ್ತು. ಆಗ ವಿಮಾನಗಳೇ ಕಡಿಮೆ, ತಪ್ಪುವ ಮಾತೇ ಇಲ್ಲ. ಸದ್ದು ಕೇಳಿದ ಕೂಡಲೇ ಅಜ್ಜಿ ಫಿಲ್ಟರಿಗೆ ಬಿಸಿನೀರು ಸುರಿಯುತ್ತಿದ್ದಳು. ಡಿಕಾಕ್ಷನ್ ಪೂರ್ತಿ ಇಳಿಯುವುದಕ್ಕೂ ಚಿಕ್ಕಪ್ಪ ಮನೆಗೆ ಬರುವುದಕ್ಕೂ ಸರಿಹೋಗುತ್ತಿತ್ತು.

ಒಂದು ಸಂಜೆ ವಿಮಾನ ಹಾದುಹೋಯಿತು, ಅಜ್ಜಿ ನೀರು ಸುರಿದಳು. ಸ್ವಲ್ಪ ಹೊತ್ತಿಗೆ ವಿಮಾನ ಮತ್ತೆ ಬಂತು. ಮತ್ತೆ ಹೋಯಿತು. ಮತ್ತೆ ಬಂತು!

ಅಜ್ಜಿ, ಚಿಕ್ಕಮ್ಮ, ನಾನು, ಮೂವರೂ ತಾರಸಿಗೆ ಓಡಿದೆವು. ಕಲಿತ ಪಾಠ ನನ್ನ ಬಾಯಿಗೆ ಬಂದುಬಿಟ್ಟಿತು. "ಚಿಕ್ಕಮ್ಮಾ, ಹಸಿರು ದೀಪ ಹತ್ತಿಲ್ಲ ಅನ್ಸತ್ತೆ!"

ಅಜ್ಜಿ ಹಣೆಗೆ ಕೈಯಿಟ್ಟು ಮೇಲೆ ನೋಡಿದಳು. "ಚಕ್ರ ಕಾಣ್ತಾ ಇದೆ ಕಣೇ. ಎರಡಿದೆ."

"ಅಯ್ಯೋ, ಮೂರಿರ್ಬೇಕು ಅಜ್ಜಿ!"

"ನನಗೆ ಒಂದೇ ಕಣ್ಣು ಕಾಣೋದು. ಒಂದು ಕಣ್ಣಿಗೆ ಎರಡು ಕಂಡ್ರೆ ಮೂರು ಇದ್ದೇ ಇರತ್ತೆ, ಸುಮ್ನಿರು," ಅಂದಳು. ಹಾಗೆ ಅಂದವಳ ಬಾಯಲ್ಲೇ ಗಣಪತಿಯ ಹೆಸರು ನಿಲ್ಲದೆ ನಡೆದಿತ್ತು. "ಇವತ್ತು ಬರ್ಲಿ ಅವನು. ನಾಳೆ ಬೆಳಿಗ್ಗೆನೇ ರಾಜೀನಾಮೆ. ಆಣೆ ಅಂದ್ರೆ ಆಣೆ!"

ಚಿಕ್ಕಮ್ಮ ಮಾತ್ರ ಸುತ್ತು ಎಣಿಸುತ್ತಿದ್ದಳು. "ಮೂರಾಯ್ತು. ಇನ್ನು ಇಳೀತಾರೆ ನೋಡು. ಅವರಿಗೆ ಬಾಗಿಲ ತನಕ ಬಂದು ವಾಪಸ್ ಹೋಗೋದು ಅಭ್ಯಾಸ," ಅಂತ ನಕ್ಕಳು. ನಾಲ್ಕಾಯಿತು, ಐದಾಯಿತು, ಎಂಟಾಯಿತು. ನಗು ನಿಂತಿತು. ಎಣಿಕೆ ಮಾತ್ರ ನಿಲ್ಲಲಿಲ್ಲ. ಹನ್ನೊಂದನೇ ಸುತ್ತಿಗೆ ಹೋದ ವಿಮಾನ ತಿರುಗಿ ಬರಲಿಲ್ಲ. ಇಳಿಯಿತೋ, ಬಿತ್ತೋ? ಯಾರನ್ನು ಕೇಳುವುದು? ನಮ್ಮ ಬೀದಿಯಲ್ಲಿ ಒಂದು ಮನೆಗೂ ಫೋನಿರಲಿಲ್ಲ. ಮೂವರೂ ಗೇಟು ಹಿಡಿದು ನಿಂತೆವು. ನಾನು ಅಷ್ಟು ಭಯ ಅದಕ್ಕೆ ಮೊದಲೂ ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆಟೋ ಬಂತು. ಚಿಕ್ಕಪ್ಪ ಇಳಿದು, ಆವತ್ತು ಸುತ್ತುಗಿತ್ತು ಏನೂ ಹಾಕದೆ, ಸೀದಾ ಒಳಗೆ ಬಂದರು!

"ಏನೋ ಆಯ್ತು?" ಅಂದಳು ಅಜ್ಜಿ.

"ಏನೂ ಇಲ್ಲಮ್ಮ. ಬಲ್ಬ್ ಹೋಗಿತ್ತು. ಬದಲಾಯಿಸಿದ್ವಿ, ಇಳಿದ್ವಿ."

"ದರಿದ್ರ ಬಲ್ಬು! ಅದಕ್ಕೆ ಹನ್ನೊಂದು ಸುತ್ತಾ?" ಅಜ್ಜಿ ಕಣ್ಣೊರೆಸಿಕೊಂಡು ತಣ್ಣಗಾದ ಡಿಕಾಕ್ಷನ್ ಚೆಲ್ಲಲು ಹೋದಳು. ಬಲ್ಬ್ ಹೋದದ್ದಕ್ಕೆ ಆಣೆ ಅನ್ವಯಿಸುವುದಿಲ್ಲವಲ್ಲ! ಕೆಲಸ ಉಳಿಯಿತು.

ಊಟಕ್ಕೆ ಕೂತಾಗ ಚಿಕ್ಕಪ್ಪ ಹುಳಿಯನ್ನಕ್ಕೆ ಸ್ಪೂನು ಕೇಳಿದರು. ಹುಟ್ಟಿದ ಮೇಲೆ ಮೊದಲ ಸಲ!

"ಏನೋ ಇದು, ದೊರೆಗಳ ಹಾಗೆ?" ಅಂತ ಅಜ್ಜಿ ಆಡಿಕೊಂಡಳು.

"ಪೈಲಟ್ ಅಂದ್ಮೇಲೆ ಸ್ವಲ್ಪ ಸ್ಟೈಲ್ ಬೇಡ್ವೇನಮ್ಮ?"

ನಾನಂತೂ ಬಿದ್ದು ಬಿದ್ದು ನಕ್ಕೆ. ಒಂದು ವಾರ ನಡೆಯಿತು ಈ ಸ್ಟೈಲು. ಆಮೇಲೆ ತಾನಾಗಿಯೇ ನಿಂತುಹೋಯಿತು.

ಅಜ್ಜಿ ಹೋದಳು. ಚಿಕ್ಕಪ್ಪ ರಿಟೈರಾಗುವ ತನಕ ಮನಸಾರೆ ಹಾರಿದರು. ಎಷ್ಟೋ ವರ್ಷಗಳ ಮೇಲೆ ಅವರೂ ಹೋದರು. ಅವರ ವೈಕುಂಠ ಸಮಾರಾಧನೆಯ ದಿನ ಬಿಳೀ ಮೀಸೆಯವರೊಬ್ಬರು ಬಂದರು. ಆ ಸಂಜೆ ವಿಮಾನದಲ್ಲಿ ಚಿಕ್ಕಪ್ಪನ ಪಕ್ಕ ಕೂತಿದ್ದ ಕಿರಿಯ ಪೈಲಟ್ ಅವರೇ.

"ಅವತ್ತು ಚಕ್ರ ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿತ್ತಮ್ಮ," ಅಂದರು. "ನನಗೆ 'ನೀನು ಹಾರಿಸ್ತಾ ಇರು, ಬೇರೆ ಏನೂ ನೋಡ್ಬೇಡ' ಅಂತ ಹೇಳಿ ಅವರೇ ಪಂಪು ಹೊಡೆದ್ರು. ಮುಕ್ಕಾಲು ಗಂಟೆ. ಅಂಗೈ ಎಲ್ಲಾ ಬೊಬ್ಬೆ ಬಂದು ಒಡೆದುಹೋಗಿತ್ತು. ಮನೇಲಿ ಗೊತ್ತಾದ್ರೆ ಹಾರೋದು ಮುಗೀತು, ಯಾರಿಗೂ ಹೇಳ್ಬೇಡ ಅಂದಿದ್ರು."

ನಾನು ದಂಗಾಗಿ ಚಿಕ್ಕಮ್ಮನ ಮುಖ ನೋಡಿದೆ. ಆಕೆ ಲೋಟದಲ್ಲಿದ್ದ ಕಾಫಿ ಆರಿಸುತ್ತಾ ಕೂತಿದ್ದಳು.

"ಗೊತ್ತಿತ್ತಪ್ಪಾ," ಅಂದಳು. "ಬಲ್ಬ್ ಬದಲಾಯಿಸಿದ್ರೆ ಯಾರಿಗಾದ್ರೂ ಬೊಬ್ಬೆ ಬರತ್ತಾ? ಕೇಳಿದ್ರೆ ನಿಜ ಹೇಳ್ಬಿಡ್ತಿದ್ರು. ಅದಕ್ಕೇ ಕೇಳ್ಲಿಲ್ಲ."

ಆ ಸ್ಟೈಲಿನ ವಾರದಲ್ಲಿ, ಎರಡನೇ ದಿನದಿಂದ, ಊಟಕ್ಕೆ ಎಲೆ ಹಾಕುವಾಗ, ಚಿಕ್ಕಪ್ಪ ಕೇಳುವ ಮುಂಚೆಯೇ ಅವರ ಎಲೆಯ ಪಕ್ಕ ಒಂದು ಸ್ಪೂನು ಇರುತ್ತಿತ್ತು. ಅದನ್ನು ಇಟ್ಟವರು ಯಾರು ಅಂತ ನಾನು ಅಲ್ಲಿಯವರೆಗೆ ಯೋಚನೆಯನ್ನೇ ಮಾಡಿರಲಿಲ್ಲ.