ಈರೇಶನಿಗೆ ಕ್ಯಾರೆಕ್ಟರ್ ಇಲ್ಲ

ಈರೇಶನಿಗೆ ಕ್ಯಾರೆಕ್ಟರ್ ಇಲ್ಲವೆಂಬ ಸುದ್ದಿ ಪೀಣ್ಯದ ಕಮಲಮ್ಮನ ವಠಾರದ ಏಳು ಮನೆಗೂ ಮುಟ್ಟಿದಾಗ, ಈರೇಶ ಬಾಯಿ ತುಂಬ ಹಲ್ಲುಪುಡಿ ತುಂಬಿಕೊಂಡು ನಲ್ಲಿಯ ಹತ್ತಿರ ನಿಂತಿದ್ದ.

ತಪ್ಪು ಗುರುರಾಜನದು. ಇಬ್ಬರೂ ಒಂದೇ ಕಾರ್ಖಾನೆಯವರು. ಈರೇಶ ಬೋಲ್ಟಿನ ದಪ್ಪ ಅಳೆದು ಪಾಸು, ಫೇಲು ಎನ್ನುವವನು. ಗುರುರಾಜ ಪಾಸಾದದ್ದನ್ನು ಡಬ್ಬಕ್ಕೆ ತುಂಬಿಸುವವನು. ಹಡಗಿನಲ್ಲಿ ಕೆಲಸ ಮಾಡುವ ಅವನ ಭಾವ ಯಾವುದೋ ದೇಶದಿಂದ ಒಂದು ಆಟದ ಪುಸ್ತಕ ತಂದುಕೊಟ್ಟಿದ್ದ. ಅವತ್ತಿನಿಂದ ಗುರುರಾಜನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಆ ಭಾನುವಾರ ಬೆಳಿಗ್ಗೆ ಗೇಟಿನಿಂದಲೇ, ತುಮಕೂರು ರಸ್ತೆಯ ಲಾರಿಯವರಿಗೂ ಕೇಳುವ ಹಾಗೆ ಕೂಗಿದ:

"ಏ ಈರೇಶ, ಬೇಗ ಬಾರೋ! ಎಲ್ರಿಗೂ ಕ್ಯಾರೆಕ್ಟರ್ ಇದೆ, ನಿಂಗೊಬ್ಬನಿಗೇ ಇಲ್ಲ. ಇವತ್ತು ಮಾಡ್ಬಿಡೋಣ!"

ಕಮಲಮ್ಮನ ಕೈಯಲ್ಲಿದ್ದ ಕೊಡ ಧಡಕ್ಕನೆ ಬಿತ್ತು.

"ಶಿವ ಶಿವಾ! ಅದೆಲ್ಲ ಹುಟ್ಟಿದಾಗಿಂದ್ಲೇ ಇರ್ಬೇಕಪ್ಪ. ಮೂವತ್ತನೇ ವಯಸ್ಸಲ್ಲಿ ಮಾಡ್ಸಕ್ಕೆ ಅದೇನು ರೇಷನ್ ಕಾರ್ಡಾ?"

ಬೇರೆ ದಿನವಾಗಿದ್ದರೆ ಈರೇಶ ನಕ್ಕುಬಿಡುತ್ತಿದ್ದ. ಅವತ್ತು ಹೌಹಾರಿದ. ಮಧ್ಯಾಹ್ನ ಹರಿಹರದಿಂದ ಚನಬಸಪ್ಪನವರು ಬರುವವರಿದ್ದರು. ಅವರ ಮಗಳು ಹೇಮಲತಾಳನ್ನು ಅವನು ಹೋದ ತಿಂಗಳು ನೋಡಿ ಬಂದಿದ್ದ. ಉಪ್ಪಿಟ್ಟು ಕೊಡುವಾಗ ಅವಳು "ಖಾರ ಆತೇನ್ರಿ?" ಎಂದು ಒಂದೇ ಮಾತು ಕೇಳಿದ್ದಳು. ಆ ಒಂದು ಮಾತನ್ನು ಈರೇಶ ಇಪ್ಪತ್ತೆಂಟು ದಿನದಿಂದ ಚಪ್ಪರಿಸುತ್ತಿದ್ದ. ಏಳು ಹೆಣ್ಣಿನ ಕಡೆಯವರು ಬೇಡವೆಂದ ಮೇಲೆ ಸಿಕ್ಕ ಎಂಟನೆಯ ಸಂಬಂಧವದು. ಹುಡುಗ ಇರುವ ಜಾಗಕ್ಕೇ ಬಂದು, ಅಕ್ಕಪಕ್ಕದವರ ಹತ್ತಿರ ಅವನ ನಡತೆ ವಿಚಾರಿಸಿದ ಮೇಲೆಯೇ ಹ್ಞೂಂ ಅನ್ನುವುದು ಚನಬಸಪ್ಪನವರ ಕ್ರಮ.

"ಮಧ್ಯಾಹ್ನ ತಾನೇ? ಅಷ್ಟರೊಳಗೆ ಮುಗ್ದೋಗತ್ತೆ ಮಚ್ಚಾ" ಎಂದು ಗುರುರಾಜ ಅವನನ್ನು ರೂಮಿಗೆ ಎಳೆದುಕೊಂಡು ಹೋಗಿ, ಚಾಪೆ ಹಾಸಿ, ಮೂರು ದಾಳ ಮತ್ತು ಒಂದು ಉದ್ದನೆಯ ಹಾಳೆ ಇಟ್ಟ.

"ಮಣೆ ಎಲ್ಲೋ? ಕಾಯಿ ಎಲ್ಲಿ?"

"ಅವೆಲ್ಲ ಇಲ್ಲ. ಇದು ಬಾಯಲ್ಲೇ ಆಡೋ ಆಟ. ನೀನೊಬ್ಬ ಆಳನ್ನ ಹುಟ್ಟಿಸ್ಬೇಕು. ಅವನೇ ನಿನ್ನ ಕ್ಯಾರೆಕ್ಟರ್. ನಾನು ಕತೆ ಹೇಳ್ತೀನಿ, ಅದರೊಳಗೆ ಅವನು ಏನ್ಮಾಡ್ತಾನೆ ಅಂತ ನೀನು ಹೇಳ್ತೀಯ."

"ರಾಜನಾ, ರಾಕ್ಷಸನಾ?"

"ಇದು ಈಗಿನ ಕಾಲದ್ದು ಗುರು. ಪ್ಯಾಂಟು ಹಾಕ್ಕೊಂಡು ಬಸ್ಸಲ್ಲಿ ಓಡಾಡೋನು ಬೇಕು."

ಮೊದಮೊದಲು ಈರೇಶ ಬಾಗಿಲ ಕಡೆಯೇ ನೋಡುತ್ತಿದ್ದ. ದಾಳ ಉರುಳಿದ ಹಾಗೆಲ್ಲ ಹುಚ್ಚು ಏರಿತು. ಬಲಕ್ಕೆ ಹದಿನೇಳು ಬಿತ್ತು. ಬುದ್ಧಿಗೆ ಹದಿನಾರು. ರೂಪಕ್ಕೆ ಹದಿನೆಂಟಕ್ಕೆ ಹದಿನೆಂಟು! ಐದಡಿ ಮೂರಂಗುಲದ ಈರೇಶ, ಬ್ರಹ್ಮ ತನಗೆ ಮಾಡಿದ ಮೋಸವನ್ನೆಲ್ಲ ಆ ಹಾಳೆಯ ಮೇಲೆ ತೀರಿಸಿಕೊಂಡ. ಹೆಸರು, ರಣಧೀರ ದೇಸಾಯಿ. ಎತ್ತರ, ಆರಡಿ ಎರಡಂಗುಲ. ಉದ್ಯೋಗ, ಕೇಂದ್ರ ಸರ್ಕಾರದ ಗುಪ್ತ ಪೊಲೀಸ್. ತಂದೆ ತಾಯಿ ಇಲ್ಲ.

"ಈ ಆಟದಲ್ಲಿ ಎಲ್ರೂ ಅನಾಥರೇ ಕಣೋ. ಅಪ್ಪ ಅಮ್ಮ ಇದ್ರೆ ಮನೆಯಿಂದ ಹೊರಗೇ ಬಿಡಲ್ವಲ್ಲ" ಎಂದ ಗುರುರಾಜ.

ಒಂದು ದೌರ್ಬಲ್ಯ ಇರಲೇಬೇಕಂತೆ. ಈರೇಶ ಗೋಡೆ ನೋಡಿ, ಹಲ್ಲಿ ಕಂಡರೆ ಹೆದರಿಕೆ ಎಂದು ಬರೆದ. ವಿಳಾಸದ ಮುಂದೆ ಏನೂ ತೋಚದೆ ತನ್ನ ರೂಮಿನದನ್ನೇ ತುಂಬಿದ.

"ಇಲ್ಲಿವರೆಗೂ ಎಷ್ಟು ಜನರನ್ನ ಕೊಂದಿದೀಯ?"

"ಇಬ್ರು ಸಾಕು ಬಿಡೋ! ಮೂವರು ಅಂದ್ರೆ ಜಾಸ್ತಿ ಆಯ್ತು" ಎಂದು ಈರೇಶ ಗಟ್ಟಿಯಾಗಿಯೇ ಹೇಳಿ, ಕಳ್ಳಸಾಗಣೆಯವರು ಎಂದು ಪಕ್ಕದಲ್ಲಿ ಬರೆದ.

ಕಿಟಕಿಯಲ್ಲಿ ಯಾರೋ ಕೆಮ್ಮಿದರು. ಈರೇಶ ತಲೆಯೆತ್ತಿದ. ಸರಳುಗಳ ಆಚೆ ಎರಡು ಮುಖ. ಒಂದು ಕಮಲಮ್ಮನದು. ಇನ್ನೊಂದು, ರಾತ್ರಿ ಬಸ್ಸಿಗೇ ಹೊರಟು ಮಧ್ಯಾಹ್ನಕ್ಕೆ ಮೊದಲೇ ಬಂದಿಳಿದ ಚನಬಸಪ್ಪನವರದು. ಆ ಮುಖದಲ್ಲಿ ವಿಭೂತಿ ಯಾವುದು, ಬಿಳಿಚಿಕೊಂಡ ಚರ್ಮ ಯಾವುದು ಗೊತ್ತಾಗುತ್ತಿರಲಿಲ್ಲ.

"ನೋಡಿದ್ರಾ ಸ್ವಾಮಿ?" ಎಂದಳು ಕಮಲಮ್ಮ. "ಬೆಳಿಗ್ಗೆವರೆಗೂ ಇವನಿಗೆ ಕ್ಯಾರೆಕ್ಟರ್ ಇರ್ಲಿಲ್ವಂತೆ. ಈಗ ಇಬ್ರೂ ಕೂತ್ಕೊಂಡು ಮಾಡ್ತಾ ಇದಾರೆ. ಎಂಥದ್ದು ಮಾಡ್ತಾರೆ ಅಂತ ನೀವೇ ಕೇಳಿಸ್ಕೊಂಡ್ರಲ್ಲ!"

ಗುರುರಾಜ ದಾಳ ಬಾಚಿಕೊಂಡು, ಪುಸ್ತಕ ಅಂಗಿಯೊಳಗೆ ತುರುಕಿ, ಹಾವು ಕಂಡ ಇಲಿಯ ಹಾಗೆ ಮಾಯವಾದ. ಈರೇಶ ಧಡಬಡಿಸಿ ಎದ್ದ. "ಕೂತ್ಕೊಳ್ಳಿ ಯಜಮಾನ್ರೇ, ಕಾಫಿ ತರ್ತೀನಿ" ಎಂದು ತಂಬಿಗೆ ಹಿಡಿದು ಮೂಲೆ ಹೋಟೆಲಿಗೆ ಓಡಿದ. ವಾಪಸು ಬರುವಾಗ ಅರ್ಧ ಕಾಫಿ ರಸ್ತೆಗೆ, ಕಾಲು ಭಾಗ ಪ್ಯಾಂಟಿಗೆ.

ಚನಬಸಪ್ಪನವರು ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನೇ ಓದುತ್ತಿದ್ದರು. ಮುಖ ಈಗ ತೊಳೆದಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು.

"ಇದನ್ನ ಬರದವರು ಯಾರು ತಮ್ಮಾ?"

"ನಾ... ನಾನೇ ಯಜಮಾನ್ರೇ. ತಮಾಷೆಗೆ..."

"ಏ, ಚೊಲೋ ಬರದೀಯ! ಸೆಂಟ್ರಲ್ ಗೌರ್ಮೆಂಟ್ ನೌಕ್ರಿ. ಬುದ್ಧಿಗೆ ಹದಿನಾರು ಮಾರ್ಕು. ಅತ್ತಿ ಮಾವನ ಕಾಟ ಇಲ್ಲ. ಇಬ್ಬರನ್ನ ಕೊಂದಿದ್ದೂ ಡ್ಯೂಟಿ ಮ್ಯಾಲೆ ಅಂತ ಈಗ ತಿಳೀತು. ಹಲ್ಲಿಗೆ ಹೆದರೋದನ್ನೂ ಮುಚ್ಚಿಡದಂಗ ಬರಸ್ಯಾನಲ್ಲ, ಎಂಥಾ ಸತ್ಯವಂತ! ನಮ್ ಹೇಮಾ ಹಲ್ಲೀನ ಬರಿಗೈಲೆ ಹಿಡೀತಾಳ. ಜೋಡಿ ಭಾಳ ಚೊಲೋ ಆಗ್ತತಿ."

ಒಪ್ಪಿದರು! ಈರೇಶನ ಎದೆಯೊಳಗೆ ಓಲಗ ಶುರುವಾಯಿತು. ತಂಬಿಗೆ ಕೆಳಗಿಟ್ಟು ಕಾಲಿಗೆ ಬಗ್ಗಿದ.

"ಇರ್ಲಿ, ಇರ್ಲಿ. ಇವ ಡ್ಯೂಟಿಯಿಂದ ಯಾವಾಗ ಬರ್ತಾನ?"

ಬಗ್ಗಿದ ಈರೇಶ ಬಗ್ಗಿದಲ್ಲೇ ಉಳಿದ. "ಯಾ... ಯಾರು?"

"ಈ ರಣಧೀರಪ್ಪ. ನಿನ್ ರೂಮಿನ ವಿಳಾಸನ ಕೊಟ್ಟಾನಲ್ಲ. ನೀ ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ, ಬೋಲ್ಟ್ ಅಳಿಯೋರಿಗೂ ಯಾರಾರ ಸಿಗ್ತಾರ."

"ಅಂಥೋನು ಭೂಮಿ ಮೇಲೇ ಇಲ್ಲ ಯಜಮಾನ್ರೇ! ದಾಳ ಹಾಕಿ ನಾನೇ ಹುಟ್ಟಿಸ್ದೆ!"

"ಆರಡಿ ಆಳನ್ನ ನೀ ಹುಟ್ಟಿಸಿದ್ಯಾ?" ಚನಬಸಪ್ಪನವರು ಬೆಚ್ಚಿ ಗೋಡೆಗೆ ಸರಿದರು. "ಹೊಟ್ಟಿಕಿಚ್ಚಿಗೂ ಒಂದು ಮಿತಿ ಇರ್ತತಿ! ಅಮ್ಮಾರ, ಇಲ್ಲಿ ಬರ್ರಿ. ಈ ರೂಮ್‌ನ್ಯಾಗ ರಣಧೀರ ದೇಸಾಯಿ ಅಂತ ಎತ್ತರದ ಹುಡುಗ ಇರೋದು ಖರೇ ಏನು?"

ಯಾರ ಮನೆಯ ಸಾರಿಗೆ ಎಷ್ಟು ಕಲ್ಲು ಉಪ್ಪು ಬಿತ್ತೆಂದು ಬಲ್ಲ ಕಮಲಮ್ಮ, ತನ್ನ ವಠಾರದ ವಿಷಯದಲ್ಲಿ ಗೊತ್ತಿಲ್ಲವೆಂಬ ಮಾತನ್ನು ಜನ್ಮದಲ್ಲಿ ಆಡಿದವಳಲ್ಲ. ಒಂದು ಗಳಿಗೆ ಕಣ್ಣು ಮಿಟುಕಿಸಿದಳು, ಅಷ್ಟೇ.

"ಯಾರು, ನಮ್ಮ ರಣಧೀರನಾ? ಚಿನ್ನದಂಥ ಹುಡುಗ ಸ್ವಾಮಿ! ಬಾಗಿಲಲ್ಲಿ ತಲೆ ಬಗ್ಗಿಸ್ಕೊಂಡೇ ಬರ್ತಾನೆ. ಒಂದು ಗಲಾಟೆ ಇಲ್ಲ, ಗದ್ದಲ ಇಲ್ಲ. ಇದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ ನೋಡಿ!"

"ಕಮಲಮ್ಮನೋರೇ!" ಎಂದು ಈರೇಶ ಕಿರುಚಿದ.

"ನೀನು ಸುಮ್ನಿರೋ. ಇನ್ನೊಬ್ರಿಗೆ ಒಳ್ಳೇದಾದ್ರೆ ಸಹಿಸ್ಕೋಬೇಕು."

ಚನಬಸಪ್ಪನವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಶೇಂಗಾ ಹೋಳಿಗೆ, ಹೇಮಲತಾ ಕೈಯಾರೆ ಮಾಡಿದ್ದು. ಅದನ್ನು ಈರೇಶನ ಮೂಗಿನ ಕೆಳಗಿನಿಂದಲೇ ದಾಟಿಸಿ ಕಮಲಮ್ಮನ ಕೈಗಿಟ್ಟರು. "ಹುಡುಗ ಬಂದ ಕೂಡ್ಲೆ ನೀವ ಕೊಡ್ರಿ" ಎಂದು, ಮನೆಯ ಫೋನ್ ನಂಬರನ್ನೂ ಬರೆದುಕೊಟ್ಟು ಬಸ್ಸಿಗೆ ಹೊರಟರು.

ಸಾಕ್ಷಿಗೆ ಗುರುರಾಜನಾದರೂ ಸಿಗಲೆಂದು ಈರೇಶ ಬಿಸಿಲಲ್ಲಿ ಅವನ ಮನೆಗೆ ಓಡಿದ. ಬೀಗ. ಕಾರ್ಖಾನೆಯ ಗೇಟಿಗೆ ಓಡಿದ. ಅಲ್ಲೂ ಇಲ್ಲ. ಸಂಜೆ ನಾಲ್ಕಕ್ಕೆ ಒಣಗಿದ ಬದನೆಕಾಯಿಯ ಹಾಗೆ ವಠಾರಕ್ಕೆ ಬಂದರೆ, ಕಮಲಮ್ಮ ಡಬ್ಬಿ ತೊಳೆದು ಒರೆಸುತ್ತ ಗೇಟಿನಲ್ಲೇ ಕಾಯುತ್ತಿದ್ದಳು. ತುಟಿಯಂಚಿನಲ್ಲಿ ಶೇಂಗಾ ಹೂರಣ.

"ಎಲ್ಲೋ ಹಾಳಾಗ್ಹೋಗಿದ್ದೆ? ಈಗ್ತಾನೆ ರಣಧೀರ ಬಂದು ಹೋದ! ಅರ್ಜೆಂಟ್ ಡ್ಯೂಟಿಯಂತೆ, ನಿಂತ್ಕೊಂಡೇ ಅಷ್ಟೂ ಹೋಳಿಗೆ ತಿಂದ. ಹುಡುಗಿ ಒಪ್ಪಿಗೆ ಅಂದ. ಎಸ್‌ಟಿಡಿ ಬೂತಿಂದ ಹರಿಹರಕ್ಕೆ ಫೋನ್ ಮಾಡಿ ಅವಳ ಅಮ್ಮನಿಗೆ ಹೇಳ್ಬಿಟ್ಟೆ."

ಈರೇಶ ಡಬ್ಬಿಯೊಳಗೆ ಇಣುಕಿದ.

"ಬರೋ ಭಾನುವಾರನೇ ನಿಶ್ಚಿತಾರ್ಥ" ಎಂದು ಕಮಲಮ್ಮ ಖಾಲಿ ಡಬ್ಬಿಯನ್ನು ಅವನ ಎದೆಗೆ ಒತ್ತಿದಳು. "ಹುಡುಗನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಂದೇ ಅಂತ ಹೇಳಿದೀನಿ."